ಹುಲಿಯ ಕಥೆ ಹಿಡಿದು ಕೊರಿಯನ್ ಕಲಿಯುವುದು

ಮೊದಲು ಹಂಗುಲ್ ಲಿಪಿಯ 14 ವ್ಯಂಜನ, 10 ಸ್ವರ ಕಲಿತುಬಿಡಿ. ಅಡ್ಡಗೆರೆಯಂತಿರುವ ಸ್ವರ ಕಾಸರಗೋಡಿನವರಿಗೆ ಸುಲಭ. ಮಲಯಾಳದ ‘ವೀಡ್’ (ಮನೆ) ಪದದ ಕೊನೆಯ ಅರೆ ಉಕಾರಕ್ಕೆ ಹತ್ತಿರದ್ದು. ಉಚ್ಚಾರವನ್ನು ಕನ್ನಡದಲ್ಲಿ ಗೀಚಿಕೊಂಡು ಓದಬೇಡಿ. ಕಥೆಯ ಮೊದಲ ಪದ ‘ಯೆನ್ನಾಲ್’ನಲ್ಲಿ (ಹಿಂದಿನ ಕಾಲ ಎಂದರ್ಥ) ಮೊದಲ ನಕಾರದ ಜಾಗದಲ್ಲಿ ಬರೆದಿರುವುದು ಸಕಾರ, ಅದರ ನಂತರ ನಕಾರ ಇರುವುದರಿಂದ ಅದೂ ನಕಾರವಾಗಿ ಕೇಳುತ್ತದೆ. ಹಾಗಾಗಿ ಆಡಿಯೋ ಇರುವ ಸರಳ ಆವೃತ್ತಿಯನ್ನೇ ಆರಿಸಿ.

ಶುರುವಿಗೆ ಸೂರ್ಯ-ಚಂದ್ರರಾದ ಅಣ್ಣತಂಗಿಯರ ಜನಪದ ಕಥೆ ಒಳ್ಳೆಯದು. ಗುಡ್ಡ ಗುಡ್ಡದಲ್ಲೂ ತಾಯಿಯನ್ನು ಅಡ್ಡಗಟ್ಟುವ ಹುಲಿಯದು ಒಂದೇ ಮಾತು: ‘ತೊಕ್ ಹನಾ ಜುಮ್ಯೊನ್ ಆನ್ ಜಬಮೊಕ್ಚಿ.’ ಅಕ್ಕಿಯ ತಿಂಡಿ ಒಂದು ಕೊಟ್ಟರೆ ನಿನ್ನನ್ನು ಹಿಡಿದು ತಿನ್ನುವುದಿಲ್ಲ ಎಂದರ್ಥ. ‘ಮ್ಯೊನ್’ ನಮ್ಮ ‘ಕೊಟ್ಟರೆ’ಯ ‘ರೆ’. ಕ್ರಿಯಾಪದ ನಮ್ಮಂತೆಯೇ ಕೊನೆಗೆ. ನಾವು ಎಡವುವುದು ‘ಆನ್’ನಲ್ಲಿ: ನಿಷೇಧ (ನಮ್ಮ ‘ಇಲ್ಲ’) ಇಲ್ಲಿ ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ, ನಾವು ಅದರ ನಂತರ ಹುಡುಕುತ್ತೇವೆ. ‘ಜುಮ್ಯೊನ್’ ಜಾಗದಲ್ಲಿ ‘ಕಾಮ್ಯೊನ್’ (ಹೋದರೆ), ‘ಓಮ್ಯೊನ್’ (ಬಂದರೆ) ಹಾಕಿ ವಾಕ್ಯ ಕಟ್ಟಿ.

ದಿನಕ್ಕೆ 8 ವಾಕ್ಯ, ಹೊಸ ಪದ 5 ಸಾಕು. ಮೊದಲು ಕೇಳಿ, ಆಮೇಲೆ ಓದಿ, ಕೊನೆಗೆ ಪುಸ್ತಕ ಮುಚ್ಚಿ ಹೇಳಿ. ಹುಲಿಯದು ಏಕವಚನದ ಮಾತು. ಹಿರಿಯರ ಹತ್ತಿರ ಅದನ್ನು ಆಡಿದರೆ ಒರಟಾಗುತ್ತದೆ, ಅಲ್ಲಿ ‘ಯೊ’ ಅಂತ್ಯವೇ ಬೇಕು.