ರಾತ್ರಿ ಸಣ್ಣ ಸೌಂಡಿನಲ್ಲಿ ಹಾಡು ಕೇಳುವವರಿಗೆ

ಹಾಸನದ ಸ್ನೇಹಿತರೇ, ರಾತ್ರಿ ಮನೆಯವರು ಮಲಗಿದ ಮೇಲೆ ಆಂಪ್ಲಿಫೈಯರ್ ನಾಬ್ ಸ್ವಲ್ಪ ತಿರುಗಿಸಿದರೂ ಸೌಂಡ್ ಜಾಸ್ತಿ ಅನಿಸುತ್ತದೆ, ಅಲ್ವಾ? ಇನ್ನೂ ಇಳಿಸಿದರೆ ಒಂದೇ ಸ್ಪೀಕರ್ ಕೇಳಿಸುತ್ತದೆ. ಸ್ಪೀಕರ್ ಕೆಟ್ಟಿದೆ ಅಂತ ಸುಮ್ನೆ ರಿಪೇರಿಗೆ ಕೊಡಬೇಡಿ. ನಾಬ್ ಒಳಗೆ ಎಡ ಸ್ಪೀಕರಿಗೊಂದು, ಬಲ ಸ್ಪೀಕರಿಗೊಂದು ಸೌಂಡ್ ಏರಿಸಿ ಇಳಿಸುವ ಪಟ್ಟಿ ಇರುತ್ತದೆ. ಶುರುವಿನ ಭಾಗದಲ್ಲಿ ಅವೆರಡೂ ಸರಿಸಮ ಇರುವುದು ಅಪರೂಪ.

ಸಿಡಿ ಪ್ಲೇಯರ್ ಸುಮಾರು 2 ವೋಲ್ಟ್ ಸಿಗ್ನಲ್ ಕೊಡುತ್ತದೆ. ಎಷ್ಟೋ ಹಳೆಯ ಆಂಪ್ಲಿಫೈಯರ್‌ಗಳಿಗೆ ಫುಲ್ ಸೌಂಡ್ ಕೊಡಲು 0.2 ವೋಲ್ಟ್ ಸಾಕು! ಹಾಗಾಗಿ ಸಿಗ್ನಲ್ಲನ್ನೇ ಮೊದಲು ತಗ್ಗಿಸಿ. ಮೊಬೈಲಿನಿಂದ ಹಾಡು ಹಾಕುವವರು ಮೊಬೈಲ್ ವಾಲ್ಯೂಮ್ ಇಳಿಸಿದರೆ ಆಯಿತು. ಸಿಡಿ ಪ್ಲೇಯರ್ ಆದರೆ 10 ಡೆಸಿಬಲ್‌ನ ಆರ್‌ಸಿಎ ಅಟೆನ್ಯುಯೇಟರ್ (ಆಡಿಯೋ ಕೇಬಲ್ ಪಿನ್ನಿಗೆ ಸಿಕ್ಕಿಸುವ, ಸಿಗ್ನಲ್ ತಗ್ಗಿಸುವ ಪುಟ್ಟ ಪ್ಲಗ್) ಒಂದು ಜೊತೆ ತರಿಸಿ, ಆಂಪ್ಲಿಫೈಯರ್ ಇನ್‌ಪುಟ್‌ಗೆ ಸಿಕ್ಕಿಸಿ. ಸ್ಪೀಕರ್ ವೈರಿಗೆ ಮಾತ್ರ ಹಾಕಲೇಬೇಡಿ. ಆಮೇಲೆ ನಾಬ್ ಆರಾಮಾಗಿ ತಿರುಗಿಸಬಹುದು. ಬೇಸ್ ಏರಿಸುವ ಲೌಡ್‌ನೆಸ್ ಬಟನ್ ಇದ್ದರೆ ಒತ್ತಿ, ಯಾಕೆಂದರೆ ಸಣ್ಣ ಸೌಂಡಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ.