ಮಸಿ ತೊಳೆಯಲು ಆರು ಲೀಟರ್ ನೀರು ಸಾಕು: ಗಡಿಯ ಫೈರ್ ಸ್ಟೇಷನ್ನಿನಿಂದ ನನ್ನ ಅನುಭವ

ಬೆಂಕಿ ನಂದಿಸಿದ ಜಾಗದಲ್ಲೇ, ಗಾಡಿ ಹತ್ತುವ ಮೊದಲೇ, ಕೋಟಿನ ಮಸಿ ತೊಳೆದುಕೊಂಡು ಬರುವ ಕ್ರಮ ನಮ್ಮ ಸ್ಟೇಷನ್ನಿನಲ್ಲಿ ಈಗ ಗಟ್ಟಿಯಾಗಿ ನಿಂತಿದೆ. ಅದಕ್ಕೆ ಹೆಚ್ಚುಕಮ್ಮಿ ಎರಡು ಬೇಸಿಗೆ ಹಿಡಿಯಿತು. "ಇದೆಲ್ಲ ನಮ್ಮಲ್ಲಿ ಆಗುವಂಥದ್ದಲ್ಲ" ಅಂದವರೇ ಈಗ "ಸ್ಪ್ರೇಯರ್ ಚಾರ್ಜಿಗೆ ಹಾಕಿದ್ದೀರಾ?" ಅಂತ ನನ್ನನ್ನು ಕೇಳುತ್ತಾರೆ. ಖುಷಿ ಆಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಸೈನ್ಯದಿಂದ ನಿವೃತ್ತನಾಗಿ ಬಂದವನು. ಊರು ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಳಭಾಗ. ಈಗ ಹೋಮ್‌ಗಾರ್ಡ್ ಆಗಿ ಫೈರ್ ಸ್ಟೇಷನ್ನಿನಲ್ಲಿದ್ದೇನೆ. ಇದನ್ನು ಓದುವವರು ಫೈರ್‌ಫೋರ್ಸಿನವರು, ಸಿವಿಲ್ ಡಿಫೆನ್ಸ್ ವಾಲಂಟಿಯರ್‌ಗಳು, ಆಂಬುಲೆನ್ಸಿನವರು ಅಂತ ಅಂದುಕೊಂಡಿದ್ದೇನೆ. ಬಿಎ ಸೆಟ್ (ಉಸಿರಾಟದ ಸಿಲಿಂಡರು, ಮಾಸ್ಕು) ಹಾಕುವುದು ಹೇಗೆ, ಬ್ರಾಂಚ್ (ಹೋಸಿನ ತುದಿಯ ನಳಿಗೆ) ಹಿಡಿಯುವುದು ಹೇಗೆ ಅಂತ ವಿವರಿಸುವುದಿಲ್ಲ.

ಯಾಕೆ ಶುರು ಮಾಡಿದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಬೆಂಕಿ ನಂದಿಸುವ ಕೆಲಸವನ್ನೇ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು, ಆಸ್‌ಬೆಸ್ಟಾಸ್ ಎಲ್ಲ ಇರುವ ಗುಂಪು ಅದು. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು 343 ಫೈರ್‌ಫೈಟರ್‌ಗಳು ಸತ್ತರು. ಅಲ್ಲಿನ ಧೂಳು ಕುಡಿದು ಆಮೇಲೆ ಕಾಯಿಲೆ ಬಿದ್ದು ಸತ್ತವರ ಲೆಕ್ಕವೂ 2023ಕ್ಕೆ ಅಷ್ಟೇ ಆಯಿತು. ನಮ್ಮ ಕೇರಳದಲ್ಲೇ ಅದೇ ವರ್ಷ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿ ಹತ್ತು ದಿನಕ್ಕೂ ಜಾಸ್ತಿ ಉರಿಯಿತು. ಆ ಪ್ಲಾಸ್ಟಿಕ್ ಹೊಗೆಯಲ್ಲಿ ನಿಂತು ಕೆಲಸ ಮಾಡಿದವರು ನಮ್ಮದೇ ಇಲಾಖೆಯವರು. ಸೈನ್ಯದ ಕ್ಯಾಂಪುಗಳಲ್ಲಿ ಕಸಕ್ಕೆ ಡೀಸೆಲ್ ಸುರಿದು ಸುಟ್ಟ ಹೊಗೆಯನ್ನು ನಾನೂ ವರ್ಷಗಟ್ಟಲೆ ಕುಡಿದವನು. ಅಂಥ ಹೊಗೆಯಿಂದ ಕಾಯಿಲೆ ಬಿದ್ದ ಮಾಜಿ ಸೈನಿಕರಿಗಾಗಿ ಅಮೆರಿಕದವರು 2022ರಲ್ಲಿ ಪ್ರತ್ಯೇಕ ಕಾನೂನೇ ಮಾಡಿದರು.

ಇನ್ನೊಂದು ಕಾರಣ ನಮ್ಮ ಜಿಲ್ಲೆಯದ್ದೇ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟರು. ಬಿಟ್ಟ ದಿನ ಹೆಚ್ಚಿನವರಿಗೆ ಏನೂ ಆದಂತೆ ಕಾಣಲಿಲ್ಲ. ಎಣ್ಮಕಜೆ ಗ್ರಾಮದ ಮನೆಗಳಲ್ಲಿ ಅದರ ಪರಿಣಾಮ ಕಾಣಿಸಿಕೊಂಡಿದ್ದು ಆಮೇಲೆ. ಕಾಸರಗೋಡಿನವನಿಗೆ "ಇವತ್ತು ಏನೂ ಆಗಲಿಲ್ಲ ಅಲ್ವಾ" ಅಂದರೆ ಸಮಾಧಾನ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ.

ಮೊದಲ ವಿರೋಧ ಬಂದದ್ದು ನೀರಿನ ವಿಷಯದಲ್ಲಿ. ಮಾರ್ಚ್ ದಾಟಿದರೆ ನಮ್ಮಲ್ಲಿ ಬಾವಿಗಳ ತಳ ಕಾಣುತ್ತದೆ. ಪದವಿನ, ಅಂದರೆ ಬೋಳು ಗುಡ್ಡದ, ಮುಳಿಹುಲ್ಲಿಗೆ ದಿನಕ್ಕೆರಡು ಸಲ ಬೆಂಕಿ ಬೀಳುವ ಕಾಲ ಅದು. ಬೆಂಕಿಗೇ ನೀರಿಲ್ಲದಾಗ ಮೈ ತೊಳೆಯುತ್ತಾ ನಿಲ್ಲುವುದೇ ಅಂತ ಕೇಳಿದರು. ನಾನು ಬಕೆಟ್ ಇಟ್ಟು ಅಳೆದು ತೋರಿಸಿದೆ. ಒಬ್ಬನಿಗೆ ಐದಾರು ಲೀಟರ್. ನಾಲ್ಕು ಜನಕ್ಕೆ ಇಪ್ಪತ್ತೈದು ಲೀಟರ್ ಮುಟ್ಟುವುದಿಲ್ಲ. 4500 ಲೀಟರಿನ ವಾಟರ್ ಟೆಂಡರಿನಲ್ಲಿ (ನೀರಿನ ಗಾಡಿಯಲ್ಲಿ) ಅದೊಂದು ಲೆಕ್ಕವೇ ಅಲ್ಲ. ಹೋಸ್ ಜೋಡಣೆಯಲ್ಲಿ ಸೋರಿ ಹೋಗುವುದೇ ಅದಕ್ಕಿಂತ ಜಾಸ್ತಿ.

ಎರಡನೆಯ ಮಾತು ಹಿರಿಯರೊಬ್ಬರದ್ದು. "ಚೇಟ್ಟಾ, ಒದ್ದೆ ಕೋಟು ಹಾಕಿಕೊಂಡು ಇನ್ನೊಂದು ಬೆಂಕಿಯ ಕರೆಗೆ ಹೋದರೆ ಬೇಯುತ್ತೇವೆ" ಅಂದರು. ಅದು ನಿಜವಾದ ಪ್ರಶ್ನೆ. ಕೋಟಿನೊಳಗಿನ ನೀರು ಬಿಸಿಯಾಗಿ ಆವಿಯಾದರೆ ಚರ್ಮ ಸುಡುತ್ತದೆ. ಇದಕ್ಕೆ ಉತ್ತರ ಹುಡುಕಲು ಬಹಳ ತಿಂಗಳು ಹೋಯಿತು. ಮುಂದೆ ಹೇಳುತ್ತೇನೆ.

ತೊಳೆಯುವ ಸಾಧನದ್ದೇ ದೊಡ್ಡ ಕಥೆ. ಹೋಸಿನಿಂದ ನೇರ ಬಿಟ್ಟರೆ ಮನುಷ್ಯ ನಿಲ್ಲುವುದೇ ಕಷ್ಟ, ಮಸಿಯೂ ಬಟ್ಟೆಯೊಳಗೆ ಇಳಿಯುತ್ತದೆ. ಆಮೇಲೆ ಮನೆಯಲ್ಲಿ ಅಡಿಕೆಗೆ ಬೋರ್ಡೋ ಔಷಧಿ ಬಿಡುವ ಗಟಾರ್ ಪಂಪ್ (ತುಳಿಯುವ ಸ್ಪ್ರೇಯರ್) ತಂದೆ. ಒತ್ತಡ ವಿಪರೀತ, ಅದನ್ನು ತುಳಿಯಲಿಕ್ಕೇ ಒಬ್ಬ ಬೇಕು, ಗಾಡಿಯಲ್ಲಿ ಜಾಗವೂ ಇಲ್ಲ. ಬೆನ್ನಿಗೆ ಹಾಕುವ ಹಳೆಯ ಸ್ಪ್ರೇಯರನ್ನು ಪಕ್ಕದ ತೋಟದವರು ಸುಮ್ನೆ ಕೊಡುತ್ತೇನೆ ಅಂದರು. ಅದರ ಮುಚ್ಚಳ ತೆಗೆದು ಮೂಸಿದರೆ ಕಳೆನಾಶಕದ ವಾಸನೆ. ವಿಷ ತೊಳೆಯಲು ವಿಷದ ಡಬ್ಬಿ ಬೇಡ ಅಂತ ವಾಪಸ್ ಕೊಟ್ಟೆ. ನೀವೂ ಹಳೆಯದನ್ನು ತೆಗೆದುಕೊಳ್ಳಬೇಡಿ, ಎಷ್ಟು ತೊಳೆದಿದ್ದರೂ ಬೇಡ.

ಕೊನೆಗೆ ಬ್ಯಾಟರಿಯ ಹೊಸ ಸ್ಪ್ರೇಯರ್, ಹದಿನಾರು ಲೀಟರಿನದ್ದು, ಮೂರು ಸಾವಿರದ ಚಿಲ್ಲರೆ ಕೊಟ್ಟು ತೆಗೆದೆ. ಕೈಯಿಂದಲೇ ಹಾಕಿದ ದುಡ್ಡು. ಹೋಮ್‌ಗಾರ್ಡಿನ ದಿನಗೂಲಿಯಲ್ಲಿ ಅದು ಸಣ್ಣ ಮೊತ್ತವಲ್ಲ, ಮನೆಯವಳು ಎರಡು ದಿನ ಮಾತಾಡಲಿಲ್ಲ. ಉದ್ದ ಹಿಡಿಯ ಎರಡು ಬ್ರಷ್ಷಿಗೆ ನೂರೈವತ್ತು, ಟರ್ಪಾಲಿಗೆ ನಾನೂರು, ಪಾತ್ರೆ ತೊಳೆಯುವ ಲಿಕ್ವಿಡ್ ಐದು ಲೀಟರ್ ಕ್ಯಾನಿಗೆ ಐನೂರರ ಹತ್ತಿರ, ಕೈಗವಸಿನ ಪೆಟ್ಟಿಗೆ, ದಪ್ಪ ಪ್ಲಾಸ್ಟಿಕ್ ಚೀಲ. ಒಟ್ಟು ಐದೂವರೆ ಸಾವಿರದ ಒಳಗೆ ಮುಗಿಯಿತು. ಇದೇ ಕೆಲಸಕ್ಕೆ ಒಂದು ಕಂಪನಿಯವರು ತೋರಿಸಿದ ಕಿಟ್ಟಿನ ಬೆಲೆ ಇದರ ಎಂಟುಪಟ್ಟು ಇತ್ತು.

ಸೋಪಿನಲ್ಲೂ ಸುತ್ತಾಡಿದೆ. ಬಟ್ಟೆ ಪುಡಿ ಹಾಕಿದರೆ ಕೈ ಬಿರಿಯುತ್ತದೆ, ಕರಗದೆ ಉಳಿದದ್ದು ನಾಜಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅಂಟುವಾಳ ಕಾಯಿ ನೆನೆಸಿದ ನೀರು ನನಗೆ ಬಹಳ ಇಷ್ಟದ ಪ್ರಯೋಗವಾಗಿತ್ತು. ಹಿತ್ತಿಲಲ್ಲೇ ಮರ ಉಂಟು, ಖರ್ಚಿಲ್ಲ, ನೊರೆ ಚೆನ್ನಾಗಿ ಬರುತ್ತದೆ. ಹುಲ್ಲಿನ ಬೆಂಕಿಯ ಮಸಿಗೆ ಸಾಕಾಗುತ್ತದೆ ಕೂಡ. ಆದರೆ ಗುಜರಿ ಅಂಗಡಿಯ ಬೆಂಕಿಯ ಜಿಡ್ಡು ಮಸಿಗೆ ಅದು ಸೋತಿತು, ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು. ಬ್ಲೀಚಿಂಗ್ ಪುಡಿ ಹತ್ತಿರವೂ ಸುಳಿಯಬಾರದು, ಫೈರ್ ಸೂಟಿನ, ಬೆಂಕಿ ತಾಳುವ ಅರಾಮಿಡ್ ನೂಲು ಅದರಲ್ಲಿ ಹಾಳಾಗುತ್ತದೆ. ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಮಸಿ ಎಬ್ಬಿಸುವ ಹಳೆಯ ಅಭ್ಯಾಸ ನಮ್ಮಲ್ಲಿತ್ತು. ಎಣ್ಣೆ ಹಚ್ಚಿದ ಮೇಲೆ ಸೋಪು ಹಾಕದೆ ಹಾಗೇ ಕೂರುವವರೇ ಜಾಸ್ತಿ, ಹಾಗಾಗಿ ಅದನ್ನು ಬಿಡಿಸಿದೆ. ಪಾತ್ರೆ ಲಿಕ್ವಿಡ್ಡೇ ಗೆದ್ದಿತು. ಅಮೆರಿಕದಲ್ಲಿ ಇದನ್ನು ಅಳೆದೇ ನೋಡಿದ್ದಾರೆ. ನೀರು, ಪಾತ್ರೆ ಸೋಪು, ಬ್ರಷ್ ಮೂರೂ ಸೇರಿದರೆ ಕೋಟಿನ ಮೇಲಿನ ಪಿಎಎಚ್ (ಹೊಗೆ, ಮಸಿಯಲ್ಲಿರುವ ರಾಸಾಯನಿಕ) ವಿಷ ಸುಮಾರು 85 ಶೇಕಡಾ ಹೋಗುತ್ತದೆ. ಒಣ ಬ್ರಷ್ ಮಾತ್ರ ಆದರೆ ಕಾಲು ಭಾಗವೂ ಹೋಗುವುದಿಲ್ಲ.

ಇಷ್ಟೆಲ್ಲ ಆದರೂ ತೊಳೆಸಿಕೊಳ್ಳಲು ಮುಂದೆ ಬಂದವರು ನಮ್ಮಲ್ಲಿ ಅರ್ಧ ಜನ ಮಾತ್ರ. ಕ್ಯಾನ್ಸರ್ ಅನ್ನುವುದು ಕಣ್ಣಿಗೆ ಕಾಣುವುದಿಲ್ಲವಲ್ಲ. ಇಪ್ಪತ್ತು ವರ್ಷದ ಆಚೆಯ ಮಾತು ಹೇಳಿ ಯಾರನ್ನು ಒಪ್ಪಿಸುವುದು?

ಒಪ್ಪಿಸಿದ್ದು ಗೇರು ಸಿಪ್ಪೆ. ಒಂದು ಸಂಜೆ ಗೇರುಬೀಜದ ಸಿಪ್ಪೆಯ ದೊಡ್ಡ ರಾಶಿಗೆ ಬೆಂಕಿ ಬಿತ್ತು. ಸಿಪ್ಪೆಯ ಎಣ್ಣೆ ಚರ್ಮಕ್ಕೆ ತಾಗಿದರೆ ಏನಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದರ ಹೊಗೆಯೂ ಹಾಗೆಯೇ. ಹಳದಿ ಕಪ್ಪು ಹೊಗೆ, ಮೂಗಿಗೆ ಖಾರ, ಕುತ್ತಿಗೆಯ ಬೆವರಿನ ಮೇಲೆ ಅಂಟಂಟು. ರಾಶಿ ಮೇಲಿಂದ ಆರಿದಂತೆ ಕಂಡರೂ ಒಳಗೆ ಕೆಂಡ. ರಾತ್ರಿ ಇಡೀ ಕೆದಕಿ ಕೆದಕಿ ನೀರು ಹಾಕಿದೆವು. ಬೆಳಗಿನ ಜಾವ ನಾನು ಟರ್ಪಾಲು ಹಾಸಿ ನಿಂತೆ. ನಾಲ್ಕು ಜನ ಬಂದರು. ಉಳಿದವರು ಸುಸ್ತಾಗಿದೆ ಅಂತ ಗಾಡಿ ಹತ್ತಿದರು. ಎರಡು ದಿನ ಕಳೆಯುವಷ್ಟರಲ್ಲಿ ಹತ್ತಿದವರ ಕುತ್ತಿಗೆ, ಮಣಿಕಟ್ಟು, ಕಿವಿಯ ಹಿಂದೆ ಕೆಂಪು ಗುಳ್ಳೆ ಎದ್ದು ನೀರು ತುಂಬಿಕೊಂಡಿತು. ತೊಳೆಸಿಕೊಂಡವರಲ್ಲಿ ಒಬ್ಬನಿಗೆ ಮೊಣಕೈ ಹತ್ತಿರ ಸ್ವಲ್ಪ ತುರಿಕೆ, ಅಷ್ಟೇ. ಗುಳ್ಳೆ ಎದ್ದ ಕುತ್ತಿಗೆ, ಏನೂ ಇಲ್ಲದ ಕುತ್ತಿಗೆ ಎರಡೂ ಒಂದೇ ಊಟದ ಮೇಜಿನಲ್ಲಿ ಎದುರೆದುರು ಕೂತಿದ್ದವು. ಆಮೇಲೆ ನಾನು ಯಾರಿಗೂ ಭಾಷಣ ಮಾಡಬೇಕಾಗಲಿಲ್ಲ.

ಈಗ ನಾವು ಮಾಡುವ ಕ್ರಮ ಹೀಗಿದೆ. ಗಾಳಿ ಬರುವ ದಿಕ್ಕಿನಲ್ಲಿ, ಬಾವಿಗೂ ನೀರಿನ ಸುರಂಗಕ್ಕೂ ದೂರ, ನೀರು ತೋಡಿಗೆ ಹರಿಯದ ಕಡೆ ಟರ್ಪಾಲು ಹಾಸುತ್ತೇವೆ. ಬಿಎ ಹಾಕಿದ್ದವನು ಮಾಸ್ಕ್ ತೆಗೆಯದೆ ಬಂದು ನಿಲ್ಲಬೇಕು. ಇದು ಮುಖ್ಯ. ಕೋಟಿನಿಂದ ಏಳುವ ಗಾಳಿಯನ್ನು ಆಗ ಅವನು ಕುಡಿಯುವುದಿಲ್ಲ. ಸಿಲಿಂಡರಿನಲ್ಲಿ ಅಷ್ಟು ಗಾಳಿ ಉಳಿಸಿಕೊಂಡು ಹೊರಬರುವ ಅಭ್ಯಾಸವೂ ಇದರಿಂದ ಬಂತು. ಮೊದಲು ಬರೀ ನೀರು, ಆಮೇಲೆ ಸೋಪು ನೀರು, ಮೇಲಿನಿಂದ ಕೆಳಗೆ ಬ್ರಷ್, ಮತ್ತೆ ನೀರು. ಕಂಕುಳು, ಕಾಲರಿನ ಮಡಿಕೆ, ಕಿಸೆಯ ಅಂಚು, ಬೂಟಿನ ಅಡಿ ಮರೆಯಬಾರದು. ಒಬ್ಬನಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಆಮೇಲೆ ಕೋಟು ಬಿಚ್ಚಿ ಚೀಲಕ್ಕೆ. ಚೀಲ ಕ್ಯಾಬಿನ್ನಿಗೆ ಬರುವುದಿಲ್ಲ, ಹೊರಗಿನ ಲಾಕರಿಗೆ ಹೋಗುತ್ತದೆ. ಕೈ, ಮುಖ, ಕುತ್ತಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡೇ ಚಾ ಮುಟ್ಟುವುದು. ಸ್ಟೇಷನ್ ತಲುಪಿ ಒಂದು ಗಂಟೆಯೊಳಗೆ ಸ್ನಾನ. ಆ ಬಟ್ಟೆ ಮನೆಯ ಮಕ್ಕಳ ಬಟ್ಟೆಯ ಜೊತೆ ಒಗೆಯಲು ಹೋಗಕೂಡದು.

ಕುತ್ತಿಗೆಯ ವಿಷಯದಲ್ಲಿ ಒಂದು ಮಾತು. ಬಿಳಿ ಬೈರಾಸಿನಿಂದ ಕುತ್ತಿಗೆ ಒರೆಸಿ ನೋಡಿ, ಮಸಿ ಎಲ್ಲಿ ಕೂರುತ್ತದೆ ಅಂತ ಗೊತ್ತಾಗುತ್ತದೆ. ತಲೆ, ಕುತ್ತಿಗೆ ಮುಚ್ಚುವ ಹುಡ್ ಇಲ್ಲದ ವಾಲಂಟಿಯರ್‌ಗಳು ಹುಲ್ಲಿನ ಬೆಂಕಿಗೆ ಬೈಕಿನವರು ಹಾಕುವ ಮುಖವಾಡ ತರುತ್ತಿದ್ದರು. ಅದು ಪಾಲಿಯೆಸ್ಟರ್, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಮ್ಮೂರಿನ ಟೈಲರ್ ಹತ್ತಿರ ದಪ್ಪ ಹತ್ತಿ ಬಟ್ಟೆಯಲ್ಲಿ ಹೊಲಿಸಿದೆ, ಒಂದಕ್ಕೆ ನೂರು ನೂರಿಪ್ಪತ್ತು. ಒಬ್ಬನಿಗೆ ಎರಡು. ಕಟ್ಟಡದ ಬೆಂಕಿಗೆ ಇದು ನಡೆಯುವುದಿಲ್ಲ, ಅಲ್ಲಿ ಸರಿಯಾದ ಫೈರ್ ಹುಡ್ಡೇ ಬೇಕು. ಹುಲ್ಲಿನ ಬೆಂಕಿಗೆ ಜೊತೆಯಲ್ಲಿ ಎನ್‌95 ಮಾಸ್ಕ್ ಹಾಕಿಸುತ್ತೇನೆ. ಅದು ಧೂಳು, ಮಸಿ ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಗೋಡೌನಿನಲ್ಲಿ ಜ್ವಾಲೆ ಇಳಿದ ಮೇಲೆ ಕೆದಕುವಾಗ ಬಿಎ ಬಿಚ್ಚಿ ಎನ್‌95 ಹಾಕಿಕೊಳ್ಳುವವರು ಇದನ್ನು ನೆನಪಿಡಬೇಕು. ವಿಷ ಅನಿಲ ಆಗಲೂ ಇರುತ್ತದೆ.

ಈಗ ಒದ್ದೆ ಕೋಟಿನ ಪ್ರಶ್ನೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಬಿಸಿಲು ಅರಾಮಿಡ್ ನೂಲನ್ನು ತಿನ್ನುತ್ತದೆ. ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಇಟ್ಟು ನೋಡಿದೆ, ಅಲ್ಲೂ ಅದೇ ಬಿಸಿಲು, ಮೇಲಿಂದ ಅಡಿಕೆಗೆ ಮಸಿ ವಾಸನೆ ಹಿಡಿಯಿತು. ಕೊನೆಗೆ ಪಿವಿಸಿ ಪೈಪಿನಲ್ಲಿ ಮನುಷ್ಯನ ಭುಜದ ಅಗಲಕ್ಕೆ ಹ್ಯಾಂಗರ್ ಮಾಡಿ, ಉದ್ದಕ್ಕೂ ತೂತು ಕೊರೆದು, ಕೆಳಗಿನಿಂದ ಸಣ್ಣ ಬ್ಲೋವರ್ ಜೋಡಿಸಿದೆ. ಗಾಳಿ ತೋಳಿನೊಳಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ಗಂಟೆ ಸಾಕು. ಜುಲೈಯ ಮಳೆಯಲ್ಲಿ ಒಂದು ರಾತ್ರಿ ಪೂರ್ತಿ ಬೇಕು. ಒಂದು ಹ್ಯಾಂಗರಿಗೆ ಸಾವಿರದ ಇನ್ನೂರರಷ್ಟು ಖರ್ಚು. ಅದು ಒಣಗುವವರೆಗೆ ಹಾಕಿಕೊಳ್ಳಲು ಹಳೆಯ ಕೋಟುಗಳಲ್ಲಿ ಹೊಲಿಗೆ ಸರಿ ಇರುವುದನ್ನು ಆರಿಸಿ ಬದಲಿಗೆ ಇಟ್ಟಿದ್ದೇವೆ. ಹಿರಿಯರ ಪ್ರಶ್ನೆಗೆ ಅದೇ ಉತ್ತರ. ಈಗ ಹ್ಯಾಂಗರಿಗೆ ಕೋಟು ಏರಿಸುವವರು ಅವರೇ. ತೂತುಗಳನ್ನು ಎಲ್ಲಿ ದಟ್ಟ, ಎಲ್ಲಿ ವಿರಳ ಮಾಡಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಅದನ್ನು ಇಲ್ಲಿ ಬರೆಯುವುದಿಲ್ಲ. ಸೋಪು ನೀರಿನ ಹದವನ್ನೂ ಬರೆಯುವುದಿಲ್ಲ, ಬಂದವರಿಗೆ ಕೈಯಲ್ಲೇ ಮಾಡಿ ತೋರಿಸುತ್ತೇನೆ.

ಇದರ ನಡುವೆ ಇನ್ನೊಂದಕ್ಕೆ ಕೈ ಹಾಕಿದೆ. ಟರ್ಪಾಲಿನ ಆಚೆ ತುದಿಯಲ್ಲಿ ಒಂದು ಕ್ಯಾನ್ ಉಪ್ಪು ಹಾಕಿದ ಗಂಜಿತಿಳಿ, ಒಂದು ಬಿಪಿ ಮೆಷಿನ್. ಅಮೆರಿಕದ ಲೆಕ್ಕದಲ್ಲಿ ಕರ್ತವ್ಯದಲ್ಲಿ ಸಾಯುವ ಫೈರ್‌ಫೈಟರ್‌ಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರನ್ನು ಕೊಲ್ಲುವುದು ಹೃದಯ, ಬೆಂಕಿಯಲ್ಲ. ನಮ್ಮ ಏಪ್ರಿಲ್ ಸೆಕೆಯಲ್ಲಿ ಕೋಟು ಹಾಕಿ ಗುಡ್ಡ ಹತ್ತಿದವನ ನಾಡಿ ಹದಿನೈದು ನಿಮಿಷ ಕಳೆದರೂ ನೂರರ ಕೆಳಗೆ ಇಳಿಯದಿದ್ದರೆ ಅವನನ್ನು ಮತ್ತೆ ಮೇಲೆ ಕಳಿಸುವುದಿಲ್ಲ ಅಂತ ನಾವೇ ಮಾಡಿಕೊಂಡಿದ್ದೇವೆ. ಹೀಗೆ ನಾಡಿ ನೋಡುವಾಗ ಇಬ್ಬರ ಬಿಪಿ ವಿಪರೀತ ಇದ್ದದ್ದು ಗೊತ್ತಾಗಿ ಅವರು ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಲವತ್ತೂ ದಾಟದ ಹುಡುಗರು.

ಜಿಲ್ಲೆಯ ಬೇರೆ ಎರಡು ಕಡೆಯಿಂದ ಕರೆ ಬಂದಿದೆ, ಗಡಿಯಾಚೆ ದಕ್ಷಿಣ ಕನ್ನಡದವರೊಬ್ಬರೂ ಬಂದು ಹ್ಯಾಂಗರಿನ ಫೋಟೊ ತೆಗೆದುಕೊಂಡು ಹೋದರು. ಇನ್ನೂ ಬಗೆಹರಿಯದೆ ಉಳಿದಿರುವುದು ಚರ್ಮದ ಗ್ಲೌಸು. ತೊಳೆದರೆ ಬಿರುಸಾಗುತ್ತದೆ, ತೊಳೆಯದಿದ್ದರೆ ಪ್ರತಿ ಸಲವೂ ಅದೇ ಮಸಿಗೆ ಕೈ ಹಾಕಬೇಕು. ಈ ಬೇಸಿಗೆಗೆ ಒಳಗೆ ಹತ್ತಿಯ ತೆಳು ಗ್ಲೌಸು ಹಾಕಿ ನೋಡುತ್ತಿದ್ದೇವೆ. ಯಾರಾದರೂ ಇದನ್ನು ಸಾಧಿಸಿದ್ದರೆ ದಯವಿಟ್ಟು ಬಂದು ಹೇಳಿ, ಬದಲಿಗೆ ತೂತಿನ ಅಳತೆ ಕೊಡುತ್ತೇನೆ. ಬರುವಾಗ ನೀವು ಬಳಸಿದ ಹುಡ್ ಒಂದು ತನ್ನಿ, ತೊಳೆಯದೇ ತನ್ನಿ.