ಕಾಳು ಅರಳುವುದು ಒಳಗಿನ ನೀರಿನಿಂದ

ಬೆಂಗಳೂರಿನ ಪಿಜಿಯಲ್ಲಿರುವ ಮೊಮ್ಮಗಳು ಮೊನ್ನೆ ಫೋನ್ ಮಾಡಿದ್ದಳು. "ಅಜ್ಜಿ, ಎಣ್ಣೆ ಹಾಕದೇ ಇದ್ದರೆ ಪಾಪ್‌ಕಾರ್ನ್ ಅರಳುತ್ತಾ?" ಅಂತ ಕೇಳಿದಳು. ಆಫೀಸಿನಿಂದ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ, ಊಟಕ್ಕೆ ಇನ್ನೂ ಎರಡು ತಾಸು ಇರುತ್ತದೆ. ಆ ಹೊತ್ತಲ್ಲಿ ಬಜ್ಜಿ, ಚಿಪ್ಸು ತಿಂದು ತಿಂದು ತೂಕ ಏರಿದೆಯಂತೆ. ಅರಳುತ್ತದೆ ಮಗಾ, ಚೆನ್ನಾಗಿಯೇ ಅರಳುತ್ತದೆ ಅಂದೆ. ಫೋನಿನಲ್ಲಿ ಹೇಳಿದ್ದು ಅರ್ಧವಾಯಿತು. ಉಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾವು ದಾವಣಗೆರೆ ಕಡೆಯವರು. ಪಂಚಮಿ ಬಂತೆಂದರೆ ಮನೆಯಲ್ಲಿ ಜೋಳದ ಅರಳು ಹುರಿಯಬೇಕು. ನಮ್ಮ ಅತ್ತೆ ಜೋಳಕ್ಕೆ ನೀರು ಚಿಮುಕಿಸಿ, ಕೈಯಾಡಿಸಿ, ಬಟ್ಟೆ ಮುಚ್ಚಿ ಇಡುತ್ತಿದ್ದರು. ಆಮೇಲೆ ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಆಡಿಸುತ್ತಿದ್ದರು. ಒಂದು ಹನಿ ಎಣ್ಣೆ ಇಲ್ಲ. ಮಲ್ಲಿಗೆ ಮೊಗ್ಗು ಬಿರಿದ ಹಾಗೆ ಅರಳು ಬರುತ್ತಿತ್ತು. ಮೈಸೂರು ಕಡೆ ಹುರಿಹಿಟ್ಟು ಮಾಡುವವರೂ ರಾಗಿಗೆ ನೀರು ಚಿಮುಕಿಸಿಯೇ ಕಾದ ಮರಳಲ್ಲಿ ಹುರಿಯುತ್ತಾರೆ. ನೀರು ಯಾಕೆ ಅಂತ ನಾನು ಅತ್ತೆಯನ್ನು ಕೇಳಿದ್ದೆ. "ಒಣಗಿದ ಕಾಳು ಸೀಯ್ತದ, ಅರಳೂದಿಲ್ಲ" ಅಂದಿದ್ದರು. ಪಾಪ್‌ಕಾರ್ನ್‌ಗೂ ಇದೇ ಮಾತು. ಒಳ್ಳೆಯ ಕಾಳಿನ ತೂಕದಲ್ಲಿ ನೂರಕ್ಕೆ 13ರಿಂದ 14 ಭಾಗ ನೀರಿರುತ್ತದೆ. ಕಾದಾಗ ಆ ನೀರು ಆವಿಯಾಗುತ್ತದೆ. ಗಟ್ಟಿ ಸಿಪ್ಪೆ ಅದನ್ನು ಹೊರಗೆ ಬಿಡುವುದಿಲ್ಲ. ಬಿಸಿ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ಒಡೆಯುತ್ತದೆ, ಒಳಗಿನ ಹಿಟ್ಟು ನೊರೆಯ ಹಾಗೆ ಉಬ್ಬಿ ಹೊರಬರುತ್ತದೆ. ಎಣ್ಣೆಯ ಕೆಲಸ ಎರಡೇ: ಬಿಸಿಯನ್ನು ಕಾಳಿನ ಸುತ್ತ ಸಮನಾಗಿ ಹರಡುವುದು, ಆಮೇಲೆ ಉಪ್ಪು ಖಾರ ಅಂಟಿಸುವುದು. ಇದು ಗೊತ್ತಿದ್ದರೆ ಎಣ್ಣೆ ಎಷ್ಟು ಬೇಕು ಅಂತ ನಾವೇ ತೀರ್ಮಾನ ಮಾಡಬಹುದು.

ಮೊದಲು ಕಾಳು. ನಮ್ಮ ದಾವಣಗೆರೆ, ಹಾವೇರಿ ಕಡೆ ಹೊಲದ ತುಂಬ ಮೆಕ್ಕೆಜೋಳ ಬೆಳೆಯುತ್ತಾರಲ್ಲ, ಅದನ್ನು ತಂದು ಹಾಕಿದರೆ ಆಗುವುದಿಲ್ಲ. ಅದರ ಸಿಪ್ಪೆಗೆ ಆವಿಯನ್ನು ಹಿಡಿದಿಡುವ ಶಕ್ತಿ ಇಲ್ಲ. ಸ್ವಲ್ಪ ಬಿರುಕು ಬಿಟ್ಟು, ಹುರಿದ ಕಾಳಾಗಿ ಉಳಿಯುತ್ತದೆ. ಅಂಗಡಿಯಲ್ಲಿ ಪಾಪ್‌ಕಾರ್ನ್ ಕಾಳು ಅಂತಲೇ ಕೇಳಿ. ಅದು ಬೇರೆ ತಳಿ, ಕಾಳು ಸಣ್ಣ, ಹೊಳಪು ಜಾಸ್ತಿ. ಬರೀ ಕಾಳು ತನ್ನಿ. ಎಣ್ಣೆ, ಉಪ್ಪು, ಬಣ್ಣ ಮೊದಲೇ ಬೆರೆಸಿದ ಪ್ಯಾಕೆಟ್ ಬೇಡ. ಅದರಲ್ಲಿ ಎಣ್ಣೆ ಎಷ್ಟಿರಬೇಕು ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ, ಅಲ್ವಾ? ಯಾವಾಗಲಾದರೂ ತರಲೇಬೇಕಾದರೆ ಹಿಂದೆ ಬರೆದಿರುವ ಕೊಬ್ಬು, ಸೋಡಿಯಂ ಲೆಕ್ಕ ಓದಿ ತನ್ನಿ.

ಒಂದು ಬೇಸಿಗೆಯಲ್ಲಿ ನಾನು ಕಾಳಿನ ಡಬ್ಬಿಯನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆ, ಮುಚ್ಚಳವೂ ಸಡಿಲವಾಗಿತ್ತು. ಎರಡು ತಿಂಗಳಲ್ಲಿ ಕಾಳು ಒಣಗಿ ಹೋಯಿತು. ಹುರಿದರೆ ಅರ್ಧಕ್ಕರ್ಧ ತಳದಲ್ಲೇ ಉಳಿದವು. ಎಸೆಯಲು ಮನಸ್ಸಾಗಲಿಲ್ಲ. ಅತ್ತೆಯ ಜೋಳ ನೆನಪಾಯಿತು. ಅರ್ಧ ಕೆ.ಜಿ. ಕಾಳಿಗೆ ಎರಡೂವರೆ ಟೀ ಚಮಚ ನೀರು ಹಾಕಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿ, ದಿನಕ್ಕೆ ನಾಲ್ಕೈದು ಸಲ ಕುಲುಕುತ್ತಾ ಬಂದೆ. ನಾಲ್ಕನೇ ದಿನ ಹುರಿದಾಗ ತಳದಲ್ಲಿ ಉಳಿದದ್ದು ಒಂದು ಹಿಡಿಯೂ ಇಲ್ಲ. ಮಳೆಗಾಲದಲ್ಲಿ ಇದರ ಉಲ್ಟಾ ಆಗುತ್ತದೆ. ತೇವ ಜಾಸ್ತಿಯಾದರೆ ಅರಳು ಸಣ್ಣಗೆ, ನಾರಿನ ಹಾಗೆ ಜಗಿಯುವಂತೆ ಬರುತ್ತದೆ. ಆಗ ಕಾಳನ್ನು ತಟ್ಟೆಯಲ್ಲಿ ಹರವಿ ಸ್ವಲ್ಪ ಹೊತ್ತು ಬಿಸಿಲು ತೋರಿಸಿದರೆ ಸಾಕು. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಒಣಗುತ್ತದೆ.

ಇನ್ನು ಕ್ಯಾಲೊರಿ. ಎಣ್ಣೆ ಇಲ್ಲದೆ ಅರಳಿಸಿದ ಒಂದು ಕಪ್ ಪಾಪ್‌ಕಾರ್ನ್ ಸುಮಾರು 8 ಗ್ರಾಂ ತೂಗುತ್ತದೆ, ಅದರಲ್ಲಿ ಸುಮಾರು 31 ಕ್ಯಾಲೊರಿ. ಮೂರು ಕಪ್ ತಿಂದರೂ ನೂರರೊಳಗೆ. ಜೊತೆಗೆ ಮೂರೂವರೆ ಗ್ರಾಂನಷ್ಟು ನಾರು ಸಿಗುತ್ತದೆ. ಯಾಕೆಂದರೆ ಇದು ಸಿಪ್ಪೆ ಸಮೇತ ತಿನ್ನುವ ಇಡೀ ಕಾಳು. ಈಗ ಎಣ್ಣೆ ನೋಡಿ. ಒಂದು ಟೀ ಚಮಚ ಎಣ್ಣೆ ಅಂದರೆ 40ರಿಂದ 45 ಕ್ಯಾಲೊರಿ. ಒಂದು ದೊಡ್ಡ ಚಮಚ ಬೆಣ್ಣೆ ಅಂದರೆ 100. ಮೇಲೆ ಎರಡು ಚಮಚ ಬೆಣ್ಣೆ ಸುರಿದರೆ, ಕಾಳಿನಿಂದ ಬಂದದ್ದಕ್ಕಿಂತ ಬೆಣ್ಣೆಯಿಂದ ಬಂದದ್ದೇ ಹೆಚ್ಚಾಗುತ್ತದೆ. ಹಾಗಂತ ನಾನು ಎಣ್ಣೆಯ ವೈರಿ ಅಲ್ಲ. 50 ಗ್ರಾಂ ಕಾಳಿಗೆ ಒಂದು ಟೀ ಚಮಚ ಎಣ್ಣೆ ಹಾಕುತ್ತೇನೆ. ಅದು ಆರು ಕಪ್ ಆಗುತ್ತದೆ, ಕಪ್ಪಿಗೆ 40 ಕ್ಯಾಲೊರಿ ಬೀಳುತ್ತದೆ. ರುಚಿಯೂ ಉಳಿಯಿತು, ಲೆಕ್ಕವೂ ಉಳಿಯಿತು.

ಮಾಡುವಾಗ ದಪ್ಪ ತಳದ, ಆಳವಾದ ಪಾತ್ರೆ ತೆಗೆದುಕೊಳ್ಳಿ. ನಾನು ಮೂರು ಲೀಟರಿನ ಕುಕ್ಕರ್‌ನಲ್ಲೇ ಮಾಡುತ್ತೇನೆ, ಆದರೆ ಅದರ ಮುಚ್ಚಳ ಮುಟ್ಟುವುದಿಲ್ಲ. ಮೇಲೆ ಒಂದು ತಟ್ಟೆ ಮುಚ್ಚುತ್ತೇನೆ ಅಷ್ಟೆ. ಕುಕ್ಕರ್ ಮುಚ್ಚಳ ಬಿಗಿದು ಪಾಪ್‌ಕಾರ್ನ್ ಮಾಡಬೇಡಿ. ಅರಳು ಹಾರಿ ವಿಷಲ್ ಕೂರುವ ತೂತಿಗೆ ಸಿಕ್ಕಿಕೊಂಡರೆ ಅಪಾಯ. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಇಟ್ಟು ಜೋರು ಉರಿಯಲ್ಲಿ ಕಾಯಿಸುವುದೂ ಒಳ್ಳೆಯದಲ್ಲ.

ಎಣ್ಣೆ ಹಾಕಿ, ಅದರಲ್ಲಿ ಮೂರೇ ಮೂರು ಕಾಳು ಬಿಡಿ. ಮಧ್ಯಮ ಉರಿ ಇರಲಿ. ಆ ಮೂರು ಕಾಳು ಸಿಡಿದವೆಂದರೆ ಪಾತ್ರೆ ಹದವಾಗಿ ಕಾದಿದೆ ಅಂತ ಅರ್ಥ. ಉಳಿದ ಕಾಳು ಹಾಕಿ, ತಳದಲ್ಲಿ ಒಂದೇ ಪದರ ಇರಬೇಕು. ಹಾಕಿದ ತಕ್ಷಣ ಪಾತ್ರೆಯನ್ನು ಉರಿಯಿಂದ ಇಳಿಸಿ ಮೂವತ್ತು ಎಣಿಸಿ, ಮತ್ತೆ ಒಲೆಗೆ ಇಡಿ. ಇಷ್ಟರಲ್ಲಿ ಎಲ್ಲ ಕಾಳೂ ಒಂದೇ ಸಮ ಕಾದಿರುತ್ತವೆ. ಹಾಗಾಗಿ ಎಲ್ಲವೂ ಹೆಚ್ಚೂ ಕಡಿಮೆ ಒಟ್ಟಿಗೆ ಅರಳುತ್ತವೆ, ಮೊದಲು ಅರಳಿದ್ದು ಸೀದು ಹೋಗುವುದಿಲ್ಲ. ಚಟಪಟ ಶುರುವಾದ ಮೇಲೆ ತಟ್ಟೆಯನ್ನು ಕೂದಲೆಳೆಯಷ್ಟು ಓರೆ ಮಾಡಿ. ಆವಿ ಹೊರಗೆ ಹೋಗಬೇಕು. ಪೂರ್ತಿ ಮುಚ್ಚಿದರೆ ಆ ಆವಿಯೇ ಮತ್ತೆ ಅರಳಿಗೆ ತಾಗಿ ಮೆತ್ತಗಾಗುತ್ತದೆ. ನಡುನಡುವೆ ಪಾತ್ರೆ ಕುಲುಕುತ್ತಿರಿ. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಎರಡು ಸೆಕೆಂಡ್ ಬಂತೆಂದರೆ ಒಲೆ ಆರಿಸಿ, ಕೂಡಲೇ ಅಗಲವಾದ ಬುಟ್ಟಿಗೋ ಪರಾತಕ್ಕೋ ಸುರಿಯಿರಿ. ಕೊನೆಯ ನಾಲ್ಕು ಕಾಳಿನ ಆಸೆಗೆ ಕಾದರೆ ಇಡೀ ಪಾತ್ರೆ ಸೀದ ವಾಸನೆ ಬರುತ್ತದೆ. ಎಣ್ಣೆಯೇ ಬೇಡ ಅನ್ನುವವರು ಇದೇ ಕ್ರಮದಲ್ಲಿ ಮಾಡಿ. ಉರಿ ಇನ್ನೊಂದು ಸ್ವಲ್ಪ ಸಣ್ಣಗಿರಲಿ, ಕುಲುಕುವ ಕೈ ನಿಲ್ಲಬಾರದು.

ಉಪ್ಪಿನ ವಿಷಯದಲ್ಲಿ ನಾನು ತುಂಬ ಗಟ್ಟಿ. ದೊಡ್ಡವರಿಗೆ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ. ಸಾರು, ಪಲ್ಯ, ಉಪ್ಪಿನಕಾಯಿಯಲ್ಲೇ ಅದು ಮುಗಿದಿರುತ್ತದೆ. ನಮ್ಮ ಮನೆಯವರಿಗೆ ಬಿಪಿ ಶುರುವಾದ ಮೇಲೆ ಒಂದು ದಾರಿ ಕಂಡುಕೊಂಡೆ. ಉಪ್ಪನ್ನು ಸಣ್ಣ ಮಿಕ್ಸಿ ಜಾರಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ ಇಟ್ಟುಕೊಳ್ಳುತ್ತೇನೆ. ಹರಳು ಉಪ್ಪು ಬಟ್ಟಲಿನ ತಳಕ್ಕೆ ಇಳಿಯುತ್ತದೆ. ನುಣ್ಣನೆಯದು ಅರಳಿನ ಸಂದಿಗಳಲ್ಲಿ ಕೂತುಕೊಳ್ಳುತ್ತದೆ. ಎರಡು ಚಿಟಿಕೆಯಲ್ಲೇ ಬಾಯಿಗೆ ರುಚಿ ಸಿಗುತ್ತದೆ. ಬಿಸಿ ಇರುವಾಗಲೇ ಹಾಕಬೇಕು.

ಮಸಾಲೆಗೆ ಪೊಟ್ಟಣ ಯಾಕೆ? ಕರಿಬೇವನ್ನು ನೆರಳಲ್ಲಿ ಒಣಗಿಸಿ, ಬೆಚ್ಚಗೆ ಹುರಿದು, ಜೀರಿಗೆ, ಕಾಳುಮೆಣಸಿನ ಜೊತೆ ಪುಡಿ ಮಾಡಿ. ಇದೊಂದು ಡಬ್ಬಿ ಇದ್ದರೆ ಸಾಕು, ಉಪ್ಪು ಇನ್ನೂ ಕಡಿಮೆ ಬೇಕಾಗುತ್ತದೆ. ಬಣ್ಣ ಬೇಕೆಂದರೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿ, ಕೆಂಪು ಜಾಸ್ತಿ, ಖಾರ ಕಡಿಮೆ. ನನಗೆ ಇಷ್ಟವಾದದ್ದು ಮಂಡಕ್ಕಿ ಒಗ್ಗರಣೆಯ ಹಾಗೆ ಮಾಡುವುದು. ಅರಳಿಸುವಾಗ ಎಣ್ಣೆ ಹಾಕಿರುವುದಿಲ್ಲ. ಆ ಒಂದು ಟೀ ಚಮಚವನ್ನು ಬೇರೆ ಕಾಯಿಸಿ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಚಿಟಿಕೆ ಅರಿಶಿನ ಹಾಕಿ, ಉರಿ ಆರಿಸಿ, ಅರಳನ್ನು ಅದರಲ್ಲಿ ಹೊರಳಿಸುತ್ತೇನೆ. ಬೆಳ್ಳುಳ್ಳಿ ಗರಿಗರಿಯಾಗಿರಬೇಕು, ಹಸಿ ಉಳಿದರೆ ಅರಳು ಮೆತ್ತಗಾಗುತ್ತದೆ. ನಿಂಬೆರಸ, ಹಸಿ ಈರುಳ್ಳಿ ಮಂಡಕ್ಕಿಗೆ ಸರಿ, ಇದಕ್ಕೆ ಬೇಡ.

ಸಕ್ಕರೆ ಕಾಯಿಲೆ ಇರುವವರು ಇದನ್ನು ಲೆಕ್ಕವಿಲ್ಲದೆ ತಿನ್ನಬಾರದು. ಮೂರು ಕಪ್ಪಿನಲ್ಲಿ 18-19 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಒಂದು ಬಟ್ಟಲು ತೆಗೆದುಕೊಂಡು, ಜೊತೆಗೆ ಒಂದು ಲೋಟ ಮಜ್ಜಿಗೆ ಕುಡಿದರೆ ಹಸಿವೂ ತಡೆಯುತ್ತದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಪಾಪ್‌ಕಾರ್ನ್ ಕೊಡಲೇಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಎಷ್ಟು ಅತ್ತರೂ ಕೊಡಬೇಡಿ. ನಮ್ಮ ವಯಸ್ಸಿನವರು ಹಲ್ಲಿನ ಬಗ್ಗೆ ಜೋಪಾನ ಇರಬೇಕು. ಬುಟ್ಟಿಯನ್ನು ಎರಡು ಸಲ ಕುಲುಕಿದರೆ ಅರಳದ ಕಾಳು ಕೆಳಗೆ ಇಳಿಯುತ್ತದೆ. ಮೇಲಿನದನ್ನು ಮೊಗೆದು ಬಟ್ಟಲಿಗೆ ಹಾಕಿಕೊಳ್ಳಿ.

ಮೊಮ್ಮಗಳ ಪಿಜಿಯಲ್ಲಿ ಗ್ಯಾಸ್ ಇಲ್ಲ, ಮೈಕ್ರೋವೇವ್ ಇದೆ. ಅವಳಿಗೆ ಹೇಳಿದ್ದು ಇಷ್ಟು: ಮೈಕ್ರೋವೇವ್‌ನಲ್ಲಿ ಇಡಬಹುದಾದ ಆಳದ ಗಾಜಿನ ಬಟ್ಟಲಿಗೆ ಎರಡು ದೊಡ್ಡ ಚಮಚ ಕಾಳು ಹಾಕು. ಮೇಲೆ ಅಂಥದ್ದೇ ಗಾಜಿನ ತಟ್ಟೆಯನ್ನು ಸ್ವಲ್ಪ ಸಂದಿ ಬಿಟ್ಟು ಮುಚ್ಚು. ಪ್ಲಾಸ್ಟಿಕ್ ಬೇಡ, ಸ್ಟೀಲ್ ಬೇಡ. ಎರಡೂವರೆ, ಮೂರು ನಿಮಿಷ ಇಡು, ಅಲ್ಲೇ ನಿಂತು ಕಿವಿಗೊಟ್ಟು ಕೇಳು. ಸದ್ದು ವಿರಳವಾದ ಕೂಡಲೇ ನಿಲ್ಲಿಸು. ಬಟ್ಟಲು ಕೆಂಡದಷ್ಟು ಬಿಸಿ ಇರುತ್ತದೆ, ದಪ್ಪ ಬಟ್ಟೆ ಹಿಡಿದು ತೆಗೆ, ತಟ್ಟೆ ಎತ್ತುವಾಗ ಮುಖ ಆ ಕಡೆ ತಿರುಗಿಸು. ಎರಡು ಚಮಚ ಕಾಳು ಮೂರು ಕಪ್ ಆಗುತ್ತದೆ, ಅದು ಒಬ್ಬರಿಗೆ ಸರಿ. ಕರಿಬೇವಿನ ಪುಡಿಯ ಡಬ್ಬಿಯನ್ನು ಬರುವ ಭಾನುವಾರ ನಿಮ್ಮಪ್ಪನ ಕೈಯಲ್ಲಿ ಕಳಿಸುತ್ತೇನೆ.